ಹಿಮಕ್ಕೂ ನಮಗೂ ಏನು ಸಂಬಂಧ?

ಕಳೆದ ರಾಜ್ಯೋತ್ಸವದ ದಿನ ಸಭಾಗೃಹದ ಹೊರಗೆ ಶಿರಾ-ಉಪ್ಪಿಟ್ಟಿನ ತಟ್ಟೆ ಹಿಡಿದು ನಿಂತಿದ್ದೆವು. ನಮ್ಮ ಕಡೆಯವರೇ ಆದ ಹಿರಿಯರೊಬ್ಬರು ಹತ್ತಿರ ಬಂದು ಕೇಳಿದರು:

"ಏನ್ರೀ, ಮಗಳನ್ನ ಬರ್ಫದ ಮ್ಯಾಲೆ ಜಾರೂದು ಕಲೀಲಿಕ್ಕೆ ಹಚ್ಚೀರಂತ? ಖರೇನ?"

"ಖರೇ ಅದರೀ ಕಾಕಾ. ಜಾರೂದು ಒಂದು ಹಂತಕ್ಕ ಕಲತಾಳ. ಈಗ ಕಲಸೂದನ್ನ ಕಲೀಲಿಕ್ಕೆ ತಯಾರಿ ನಡಿಸ್ಯಾಳ."

"ಅಲ್ರೀ, ಡೊಂಬಿವಲ್ಯಾಗ ಬರ್ಫ ಸಿಗೂದು ಗೋಲಾದವನ ಗಾಡ್ಯಾಗ ಅಷ್ಟ. ಹಿಮಕ್ಕೂ ನಮಗೂ ಏನ್ ಸಂಬಂಧ?"

ಸುತ್ತ ನಿಂತವರೆಲ್ಲ ನಕ್ಕರು. ನಾವೂ ನಕ್ಕೆವು. ಆದರೆ ಸ್ಟೇಷನ್ನಿನ ಸೇತುವೆ ಹತ್ತಿ ಮನೆಗೆ ಬರುವಾಗ ಆ ನಗು ಕಾಲಿಗೆ ಚುಚ್ಚಿದ ಮುಳ್ಳಿನಂತೆ ಕಾಡತೊಡಗಿತು. ಕಾಕಾ ಅವರ ಮೇಲೆ ನಮಗೆ ಸಿಟ್ಟಿಲ್ಲ. ಅವರು ಆಡಿದ್ದು ನಮ್ಮೆಲ್ಲರ ಮನಸ್ಸಿನಲ್ಲಿರುವ ಮಾತನ್ನೇ. ಠಾಣೆಯಿಂದ ಕಲ್ಯಾಣದವರೆಗೆ, ಐರೋಲಿಯಿಂದ ಪನವೇಲದವರೆಗೆ ಹರಡಿಕೊಂಡಿರುವ ನಮ್ಮ ಕನ್ನಡ ಕುಟುಂಬಗಳಲ್ಲಿ ಮಕ್ಕಳ ಬಗ್ಗೆ ಒಂದು ಗೆರೆ ಎಳೆದಾಗಿದೆ. ಗೆರೆಯ ಒಳಗೆ ಇಂಜಿನಿಯರಿಂಗ್, ಬ್ಯಾಂಕು, ಕಂಪ್ಯೂಟರು. ಹೊರಗೆ ಉಳಿದ ಜಗತ್ತೆಲ್ಲ. ಈ ಗೆರೆಯ ವಿರುದ್ಧವೇ ನಮ್ಮ ತಕರಾರು.

ಮೊದಲು ವಿಷಯವೇನೆಂದು ಹೇಳಿಬಿಡೋಣ. ನಮ್ಮ ಮಗಳಿಗೆ ಇಪ್ಪತ್ತು ವರ್ಷ, ಕಾಲೇಜಿನಲ್ಲಿ ಓದುತ್ತಿದ್ದಾಳೆ. ಎರಡು ಚಳಿಗಾಲಗಳಲ್ಲಿ ಮನಾಲಿಯ ಹತ್ತಿರದ ಸೋಲಂಗ ಕಣಿವೆಗೆ ಹೋಗಿ, ಸ್ಕೀ ಎಂಬ ಉದ್ದನೆಯ ಹಲಗೆಗಳನ್ನು ಕಾಲಿಗೆ ಕಟ್ಟಿಕೊಂಡು ಹಿಮದ ಇಳಿಜಾರಿನಲ್ಲಿ ಜಾರುವ ವಿದ್ಯೆಯ ಪ್ರಾಥಮಿಕ ಮತ್ತು ಮಾಧ್ಯಮಿಕ ಶಿಕ್ಷಣಗಳನ್ನು ಮುಗಿಸಿದ್ದಾಳೆ. ಈಗ ಅವಳ ಕಣ್ಣು ಶಿಕ್ಷಕರ ಮೊದಲನೆಯ ಹಂತದ ಪ್ರಮಾಣಪತ್ರದ ಮೇಲಿದೆ. ಬ್ರಿಟನ್, ಕೆನಡಾ, ನ್ಯೂಜಿಲೆಂಡ್ ದೇಶಗಳ ಸ್ಕೀ ಶಿಕ್ಷಕರ ಸಂಘಗಳು ಇಂತಹ ಪರೀಕ್ಷೆ ನಡೆಸುತ್ತವೆ. ಮೊದಲ ಹಂತ ದಾಟಿದವರು ಹೊಸಬರಿಗೆ, ಮಕ್ಕಳಿಗೆ, ಸೌಮ್ಯವಾದ ಇಳಿಜಾರಿನಲ್ಲಿ ಕಲಿಸಬಹುದು. ಕೇಳಲಿಕ್ಕೆ ಇಷ್ಟೇ. ಆದರೆ ಈ ಇಷ್ಟಕ್ಕಾಗಿ ಒಂದು ವರ್ಷದಿಂದ ನಮ್ಮ ಮನೆಯಲ್ಲಿ ನಡೆದಿರುವ ತಯಾರಿಯನ್ನೂ, ಅದಕ್ಕೆ ನಮ್ಮವರಿಂದ ಬಂದ ಆಕ್ಷೇಪಗಳನ್ನೂ ಬಂಧುಗಳ ಮುಂದೆ ಇಡುವುದು ಅಗತ್ಯವೆನಿಸಿದೆ.

ಮೊದಲನೆಯ ಆಕ್ಷೇಪ: ಹಿಮ ನಮ್ಮದಲ್ಲ.

ಕಾಕಾ ಈ ಪ್ರಶ್ನೆ ಕೇಳಿದ್ದು ನವೆಂಬರ್ 1ರಂದು. 1948ನೆಯ ಇಸವಿಯ ಇದೇ ನವೆಂಬರ್ 1ರಂದು, ಹನ್ನೊಂದು ಸಾವಿರ ಅಡಿಗಿಂತ ಎತ್ತರದ ಜೋಜಿಲಾ ಕಣಿವೆಯಲ್ಲಿ, ಇಲ್ಲಿಗೆ ಯಾರೂ ತರಲಾರರೆಂದು ವೈರಿ ನಂಬಿದ್ದ ಟ್ಯಾಂಕುಗಳನ್ನು ಹತ್ತಿಸಿ ಲಡಾಖದ ದಾರಿ ತೆರೆಸಿದವರು ಯಾರು? ಮಡಿಕೇರಿಯಲ್ಲಿ ಹುಟ್ಟಿದ ಜನರಲ್ ತಿಮ್ಮಯ್ಯ. ರಾಜ್ಯೋತ್ಸವದ ಭಾಷಣಗಳಲ್ಲಿ ಕದಂಬರಿಂದ ಹಿಡಿದು ಎಲ್ಲರ ಹೆಸರೂ ಬರುತ್ತವೆ. ಅದೇ ತಾರೀಖಿನ ಈ ಸಂಗತಿ ಮಾತ್ರ ಯಾರ ಬಾಯಲ್ಲೂ ಬಂದದ್ದನ್ನು ನಾವು ಕೇಳಿಲ್ಲ. ಸಾಹಸ ಕ್ರೀಡೆಗಳಿಗಾಗಿ ಕರ್ನಾಟಕದಲ್ಲಿರುವ ಅಕಾಡೆಮಿಗೆ ಅವರದೇ ಹೆಸರಿದೆ ಎಂಬುದೂ ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು?

ಹಳೆಯ ಕತೆ ಬೇಡವೆಂದರೆ ಮೊನ್ನೆ ಮೊನ್ನೆಯದು ಕೇಳಿ. ಗುಲ್ಮಾರ್ಗದಲ್ಲಿ ನಡೆಯುವ ಖೇಲೋ ಇಂಡಿಯಾ ಚಳಿಗಾಲದ ಕ್ರೀಡಾಕೂಟದಲ್ಲಿ 2024ರಲ್ಲಿ ಪದಕಪಟ್ಟಿಯ ಮೊದಲ ಸ್ಥಾನ ಸೈನ್ಯಕ್ಕೆ ಹೋಯಿತು. ಎರಡನೆಯದು? ಕಾಶ್ಮೀರವಲ್ಲ, ಹಿಮಾಚಲವಲ್ಲ, ಹಿಮವೇ ಬೀಳದ ಕರ್ನಾಟಕ. ಕೊಡಗಿನ ಭವಾನಿ ತೆಕ್ಕಡ ನಂಜುಂಡ ಎಂಬ ತರುಣಿ ನಾರ್ಡಿಕ್ ಸ್ಕೀ ಓಟದಲ್ಲಿ ಅಲ್ಲಿ ಚಿನ್ನ ಗೆದ್ದಳು. 2025ರಲ್ಲಿ ದಕ್ಷಿಣ ಅಮೇರಿಕೆಯ ಚಿಲಿ ದೇಶಕ್ಕೆ ಹೋಗಿ ಅಂತರರಾಷ್ಟ್ರೀಯ ಸ್ಪರ್ಧೆಯಲ್ಲಿ ಕಂಚು ತಂದಳು. ಅವಳದು ಸಪಾಟಾದ ಹಿಮದ ಮೇಲೆ ಉಸಿರು ಬಿಗಿಹಿಡಿದು ಓಡುವ ಸ್ಕೀ. ನಮ್ಮ ಮಗಳದು ಇಳಿಜಾರಿನದು. ಬಗೆ ಬೇರೆ. ಆದರೆ "ನಮಗೇನು ಸಂಬಂಧ" ಎಂಬ ಪ್ರಶ್ನೆಗೆ ಉತ್ತರ ಒಂದೇ. ಕಾಫಿ ತೋಟದ ನಾಡಿನಿಂದ ಹೋದವಳಿಗೆ ಇರುವ ಸಂಬಂಧ, ವಡಾಪಾವಿನ ಊರಿನಿಂದ ಹೋದವಳಿಗೂ ಉಂಟು.

ಎರಡನೆಯ ಆಕ್ಷೇಪ: ಜೀವಕ್ಕೆ ಅಪಾಯ.

ಇದನ್ನು ನಾವು ಹಗುರವಾಗಿ ಕಾಣುವುದಿಲ್ಲ. 2022ರ ಅಕ್ಟೋಬರ್ 4ರಂದು ಉತ್ತರಕಾಶಿಯ ಮೇಲಿನ ದ್ರೌಪದಿ ಕಾ ಡಾಂಡಾ ಶಿಖರದಲ್ಲಿ ಹಿಮಕುಸಿತವಾಗಿ, ಪರ್ವತಾರೋಹಣ ತರಬೇತಿಗೆ ಹೋದ ಇಪ್ಪತ್ತೈದಕ್ಕೂ ಹೆಚ್ಚು ಮಂದಿ ಸತ್ತರು. ಮರುದಿನ ಪತ್ರಿಕೆಯನ್ನು ಮಗಳ ಕಣ್ಣಿಗೆ ಬೀಳದಂತೆ ಮಡಿಚಿ ಇಟ್ಟವರು ನಾವೇ. ಇನ್ನು 2025ರ ಏಪ್ರಿಲ್ 22. ಪಹಲ್ಗಾಮದ ಹುಲ್ಲುಗಾವಲಿನಲ್ಲಿ ಗುಂಡಿಗೆ ಬಲಿಯಾದವರಲ್ಲಿ ಮೂವರು ನಮ್ಮ ಡೊಂಬಿವಲಿಯವರು. ಅವರ ಅಂತ್ಯಯಾತ್ರೆಯ ದಿನ ಊರಿಗೆ ಊರೇ ಅಂಗಡಿ ಮುಚ್ಚಿ ಬೀದಿಯಲ್ಲಿ ನಿಂತಿತ್ತು, ನಾವೂ ನಿಂತಿದ್ದೆವು. ಅಂದು ರಾತ್ರಿ ಮಗಳು ತಾನಾಗಿಯೇ ಹೇಳಿದಳು: "ಅಪ್ಪಾ, ಸದ್ಯ ಗುಲ್ಮಾರ್ಗ ಬ್ಯಾಡ. ಸೋಲಂಗ ಅದ, ಔಲಿ ಅದ." ನಾವು ಏನೂ ಹೇಳಲಿಲ್ಲ. ಹೇಳುವುದೇನಿತ್ತು?

ಆದರೆ ಬಂಧುಗಳೇ, ಅಪಾಯದ ಲೆಕ್ಕವನ್ನು ಪ್ರಾಮಾಣಿಕವಾಗಿ ಮಾಡೋಣ. 2025ರ ಜೂನ್ 9ರ ಬೆಳಿಗ್ಗೆ ಮುಂಬ್ರಾದ ತಿರುವಿನಲ್ಲಿ ಲೋಕಲ್ ಗಾಡಿಗಳ ಬಾಗಿಲಿಗೆ ಜೋತುಬಿದ್ದಿದ್ದ ಪ್ರಯಾಣಿಕರು ಹಳಿಯ ಮೇಲೆ ಬಿದ್ದು ಸತ್ತರು. ಅವರು ಯಾವ ಸಾಹಸಕ್ಕೂ ಹೋದವರಲ್ಲ. ಮಸ್ಟರಿನ ಮೇಲೆ ಸಹಿ ಹಾಕಲು ಹೊರಟವರು. ನಮ್ಮ ಮನೆಗಳಲ್ಲಿ ದಿನಾ ಬೆಳಿಗ್ಗೆ ಹದಿನೆಂಟು ಇಪ್ಪತ್ತರ ಮಕ್ಕಳನ್ನು ಡಬ್ಬಾ ಕಟ್ಟಿ ಅದೇ ಬಾಗಿಲಿಗೆ ಕಳಿಸುತ್ತೇವೆ. ಅದಕ್ಕೆ ಯಾವ ತರಬೇತಿಯೂ ಇಲ್ಲ, ಹೆಲ್ಮೆಟ್ಟೂ ಇಲ್ಲ, ಶಿಕ್ಷಕನೂ ಇಲ್ಲ. ಅದನ್ನು ಅಪಾಯವೆಂದು ಯಾರೂ ಕರೆಯುವುದಿಲ್ಲ. 'ಅಪ್-ಡೌನ್' ಎಂದು ಕರೆಯುತ್ತೇವೆ. ಕಾಲಿಗೆ ಸರಿಯಾದ ಬೂಟು, ಬಿದ್ದಾಗ ತಾನಾಗಿ ಬಿಚ್ಚಿಕೊಂಡು ಕಾಲನ್ನು ಕಾಪಾಡಲೆಂದೇ ಮಾಡಿದ ಬೈಂಡಿಂಗ್, ತಲೆಗೆ ಹೆಲ್ಮೆಟ್, ಪಕ್ಕದಲ್ಲಿ ಅನುಭವಿ ಉಸ್ತಾದ, ಸೌಮ್ಯ ಇಳಿಜಾರು: ಇಷ್ಟರ ನಡುವೆ ಹುಡುಗಿ ಜಾರಿದರೆ ಮಾತ್ರ ನಮಗೆ ಎದೆ ಡವಡವ! ರೂಢಿಯಾದ ಅಪಾಯ ನಮಗೆ ಕಾಣುವುದಿಲ್ಲ, ಅಷ್ಟೆ. ಅಪಾಯವಿಲ್ಲವೆಂದು ನಾವು ವಾದಿಸುತ್ತಿಲ್ಲ. ಅಪಾಯವನ್ನು ಅಳೆಯಲು ಕಲಿಸುವ ವಿದ್ಯೆ ಯಾವುದೋ ಅದನ್ನು ಕಲಿಯಬೇಕೆಂದು ವಾದಿಸುತ್ತಿದ್ದೇವೆ.

ಮೂರನೆಯದು: ಹೆಣ್ಣುಮಗಳು. ಈ ಆಕ್ಷೇಪಕ್ಕೆ ಹೆಚ್ಚು ಶಾಯಿ ಖರ್ಚು ಮಾಡುವುದಿಲ್ಲ. ರಾತ್ರಿ ಪಾಳಿ ಮುಗಿಸಿ ಕೊನೆಯ ಲೋಕಲ್ ಹಿಡಿದು ಐರೋಲಿ, ಘನಸೋಲಿಗಳಿಂದ ಒಬ್ಬಳೇ ಬರುವ ಸೊಸೆಯ ಸಂಬಳ ಬೇಕು. ಹಗಲು ಹೊತ್ತಿನಲ್ಲಿ ಹಿಮದ ಮೇಲೆ ನಿಲ್ಲುವ ಮಗಳು ಬೇಡ ಎಂಬ ನ್ಯಾಯ ನಮಗೆ ಅರ್ಥವಾಗುವುದಿಲ್ಲ. "ಮುಖ ಕಪ್ಪಾದೀತು, ವರ ಸಿಗಲಿಕ್ಕಿಲ್ಲ" ಎಂದು ಫೋನು ಮಾಡಿದ ಸಂಬಂಧಿಕರಿಗೆ ಹಿಮದ ಬಿಸಿಲಿನಿಂದ ಮುಖ ಕಪ್ಪಾಗುವುದು ನಿಜ, ಹದಿನೈದು ದಿನದಲ್ಲಿ ಸರಿಹೋಗುತ್ತದೆ ಎಂದು ತಿಳಿಸಿದ್ದೇವೆ.

ನಾಲ್ಕನೆಯ ಆಕ್ಷೇಪವೇ ನಿಜವಾಗಿ ತೂಕದ್ದು: ಇದು ಹೊಟ್ಟೆ ತುಂಬಿಸೀತೇ?

ತುಂಬಿಸಲಿಕ್ಕಿಲ್ಲ. ನಮ್ಮ ದೇಶದಲ್ಲಿ ಸ್ಕೀ ಕಲಿಸುವ ಕೆಲಸ ವರ್ಷದಲ್ಲಿ ಎರಡು ಮೂರು ತಿಂಗಳದ್ದು. ಅದೂ ಹಿಮ ಬಿದ್ದರೆ. 2025ರ ಫೆಬ್ರುವರಿಯಲ್ಲಿ ಗುಲ್ಮಾರ್ಗದಲ್ಲಿ ಸಾಕಷ್ಟು ಹಿಮವಿಲ್ಲದೆ ರಾಷ್ಟ್ರೀಯ ಕ್ರೀಡಾಕೂಟವನ್ನೇ ಮುಂದೂಡಿ ಮಾರ್ಚಿನಲ್ಲಿ ನಡೆಸಬೇಕಾಯಿತು. ಜೊತೆಗೆ ಅಲ್ಲಿಯ ಹುಡುಗರಿದ್ದಾರೆ: ನಡೆಯಲು ಕಲಿಯುವಾಗಲೇ ಜಾರಲು ಕಲಿತವರು, ಮರದ ಹಲಗೆ ಕಟ್ಟಿಕೊಂಡು ಬೆಳೆದವರು. ಅವರ ಅನ್ನ ಕಸಿಯಲು ಡೊಂಬಿವಲಿಯಿಂದ ಹೋಗಬೇಕೇ? ಈ ಪ್ರಶ್ನೆಯನ್ನು ನಾವೇ ಮಗಳಿಗೆ ಕೇಳಿದೆವು. "ನನಗ ಕಲಿಸಿದವರs ಅವರು. ಅವರ ಕೈಕೆಳಗ ನಿಂತು, ಇಲ್ಲಿಂದ ಬರೂ ಮಂದೀಗೆ ಅವರ ಭಾಷಾದಾಗ ಹೇಳಿಕೊಡತೇನಿ" ಎಂದಳು. ಅದು ಸರಿಯಾದ ಮಾತು. ಡಿಸೆಂಬರಿನಲ್ಲಿ ಮನಾಲಿಗೆ ಹೋಗುವ ನಮ್ಮ ಠಾಣೆ-ಕಲ್ಯಾಣದ ಕುಟುಂಬಗಳು ಏನು ಮಾಡುತ್ತವೆ? ಬಾಡಿಗೆಯ ರಬ್ಬರು ಬೂಟು, ಬಾಡಿಗೆಯ ತುಪ್ಪಳದ ಕೋಟು, ಹತ್ತು ನಿಮಿಷ ಹಲಗೆಯ ಮೇಲೆ ನಿಂತು ಒಂದು ಫೋಟೋ, ಒಂದು ಬೀಳು, ಒಂದು ಜಗಳ. ನಮ್ಮ ಮಾತಿನಲ್ಲಿ "ಮೊಣಕಾಲು ಮುಂದ ಬಗ್ಗಸ್ರೀ ಅಜ್ಜಿ" ಎಂದು ಹೇಳುವವರು ಅಲ್ಲಿದ್ದರೆ ಅಜ್ಜಿಯ ಸೊಂಟವೂ ಉಳಿದೀತು.

ಅವಳು ಪದವಿ ಬಿಡುತ್ತಿಲ್ಲ. ಹೊಟ್ಟೆಗೆ ಬೇರೆ ದಾರಿ ಹುಡುಕಿಕೊಳ್ಳುತ್ತಾಳೆ. ಆದರೆ ಇದನ್ನೂ ಹೇಳಬೇಕು: ಕೇಂದ್ರ ಸರಕಾರದ ನೌಕರಿಗಳಲ್ಲಿ ಆಟಗಾರರಿಗೆ ಮೀಸಲಾದ ಅವಕಾಶದ ಆಟಗಳ ಪಟ್ಟಿಯಲ್ಲಿ ಹಿಮದ ಮೇಲಿನ ಸ್ಕೀ ಕೂಡ ಇದೆ. ಮಾನ್ಯತೆ ಪಡೆದ ಪರ್ವತಾರೋಹಣಕ್ಕೆ ಹೋಗುವ ನೌಕರನಿಗೆ ವರ್ಷದಲ್ಲಿ ಮೂವತ್ತು ದಿನಗಳವರೆಗೆ ವಿಶೇಷ ಸಾಂದರ್ಭಿಕ ರಜೆಯ ನಿಯಮವೂ ಇದೆ. ಇಷ್ಟು ವರ್ಷ ಗುಮಾಸ್ತಿಕೆ ಮಾಡುತ್ತ ನಾವು ಆ ನಿಯಮದ ಪುಸ್ತಕವನ್ನು ನೂರು ಸಲ ತಿರುವಿ ಹಾಕಿದ್ದೇವೆ. ಆ ರಜೆ ಕೇಳಿ ಅರ್ಜಿ ಕೊಟ್ಟ ಒಬ್ಬ ಕನ್ನಡಿಗನನ್ನೂ ನಮ್ಮ ಮೇಜಿನಲ್ಲಿ ಕಂಡಿಲ್ಲ. ಸರಕಾರ ಬಾಗಿಲು ತೆರೆದಿಟ್ಟಿದೆ, ಒಳಗೆ ಹೋಗುವವರಿಲ್ಲ.

ಇನ್ನು ತಯಾರಿಯ ಮಾತು. ಹಿಮವೇ ಇಲ್ಲದ ಊರಿನಲ್ಲಿ ಸ್ಕೀ ಶಿಕ್ಷಕಿಯಾಗಲು ಹೇಗೆ ತಯಾರಾಗುವುದೆಂದು ಕೆಲವರು ಕುತೂಹಲದಿಂದಲೂ ಕೇಳಿದ್ದಾರೆ. ಅವರಿಗಾಗಿ ಸ್ವಲ್ಪ ವಿಸ್ತಾರವಾಗಿ ಬರೆಯುತ್ತೇವೆ.

ಈ ಪರೀಕ್ಷೆಯ ಮುಕ್ಕಾಲು ಪಾಲು ತೊಡೆಯಲ್ಲಿದೆ. ದಿನವಿಡೀ ಮೊಣಕಾಲು ಬಗ್ಗಿಸಿ ನಿಲ್ಲುವ ಶಕ್ತಿ ಬೇಕು. ಅದಕ್ಕೆ ಹೊಸ ಯಂತ್ರ ಬೇಕಿಲ್ಲ. ನಮ್ಮ ಅಜ್ಜಂದಿರು ಗರಡಿಮನೆಯಲ್ಲಿ ಹೊಡೆಯುತ್ತಿದ್ದ ಬಸ್ಕಿಯೇ ಸಾಕು. ಮಗಳು ಬೆಳಿಗ್ಗೆ ಬಸ್ಕಿ ಹೊಡೆಯುತ್ತಾಳೆ. ಆಮೇಲೆ ಗೋಡೆಗೆ ಬೆನ್ನು ಕೊಟ್ಟು, ಕುರ್ಚಿಯಿಲ್ಲದೆ ಕುರ್ಚಿಯ ಮೇಲೆ ಕೂತಂತೆ ಕೂರುತ್ತಾಳೆ. ಮೊದಲ ದಿನ ಅರ್ಧ ನಿಮಿಷಕ್ಕೇ ತೊಡೆ ನಡುಗಿತು. ಈಗ ಆ ಭಂಗಿಯಲ್ಲೇ ಪಾಠ ಓದುತ್ತಾಳೆ. ಒಂದು ಕಾಲಿನ ಮೇಲೆ ನಿಂತು ಹಲ್ಲುಜ್ಜುವುದು ಸಮತೋಲಕ್ಕೆ. ನಾವು ಪ್ರಯತ್ನಿಸಿ ಬೇಸಿನ್ನು ಹಿಡಿದುಕೊಂಡೆವು.

ರವಿವಾರಗಳಲ್ಲಿ ಬೆಟ್ಟ. ಕಲ್ಯಾಣದ ಆಚೆಯ ಮಲಂಗಗಡ, ಮುಂಬ್ರಾ ದೇವಿಯ ಮೆಟ್ಟಿಲು, ಬೇಲಾಪುರದ ಪಾರಸಿಕ ಗುಡ್ಡ, ಠಾಣೆಯ ಯೇವೂರಿನ ಕಾಡುದಾರಿ. ಲೋಕಲ್ ಹಿಡಿದರೆ ಸಹ್ಯಾದ್ರಿ ನಮ್ಮ ಬಾಗಿಲಲ್ಲೇ ಇದೆಯೆಂಬುದನ್ನು ಇಷ್ಟು ವರ್ಷ ಇಲ್ಲಿದ್ದೂ ನಾವು ಮರೆತಿದ್ದೆವು. ಹತ್ತುವುದಕ್ಕಿಂತ ಇಳಿಯುವುದು ಮುಖ್ಯವೆಂದು ಅವಳು ಹೇಳಿದಾಗ ನಂಬಲಿಲ್ಲ. ಎರಡು ದಿನ ಮೆಟ್ಟಿಲಿಳಿಯಲಾರದೆ ಗೋಡೆ ಹಿಡಿದು ನಡೆದಾಗ ನಂಬಿದೆವು. ಇಳಿಯುವಾಗ ತೊಡೆಯ ಸ್ನಾಯು ಉದ್ದವಾಗುತ್ತಲೇ ಭಾರ ತಡೆಯಬೇಕು, ಹಿಮದ ಇಳಿಜಾರಿನಲ್ಲೂ ಅದೇ ಕೆಲಸ. ಎತ್ತರದ ಗಾಳಿಯನ್ನು ಮಾತ್ರ ಇಲ್ಲಿ ಅಭ್ಯಾಸ ಮಾಡಲಾಗದು. ಎರಡೂವರೆ ಸಾವಿರ ಮೀಟರಿನಲ್ಲಿ ವಾಯುಭಾರ ಇಲ್ಲಿಯ ಮುಕ್ಕಾಲು ಪಾಲಿನಷ್ಟೇ. ಸಮುದ್ರದ ಮಟ್ಟದಿಂದ ಹೋದವರು ಮೊದಲ ಒಂದೆರಡು ದಿನ ತಾಳ್ಮೆಯಿಂದ ಇರಬೇಕು.

ಆಮೇಲೆ ಪ್ರಥಮ ಚಿಕಿತ್ಸೆ. ಮೂಳೆ ಮುರಿದಾಗ ಪಟ್ಟಿ ಕಟ್ಟುವುದು, ಚಳಿಗೆ ಬೆರಳು ಮರಗಟ್ಟಿದಾಗ ಉಜ್ಜದೆ ಕಾಪಾಡುವುದು, ಎಚ್ಚರ ತಪ್ಪಿದವನ ಉಸಿರು ನೋಡುವುದು: ಇದನ್ನೆಲ್ಲ ಕಲಿತು ಪ್ರಮಾಣಪತ್ರ ಪಡೆದಿದ್ದಾಳೆ. ನಮ್ಮ ಸೊಸೈಟಿಯಲ್ಲಿ ಒಬ್ಬ ಹಿರಿಯರು ಮೆಟ್ಟಿಲಲ್ಲಿ ಬಿದ್ದಾಗ ಎಲ್ಲರೂ ಎತ್ತಿ ಕೂರಿಸಲು ನುಗ್ಗಿದರು. ಎತ್ತಬೇಡಿರೆಂದು ಕೂಗಿ ತಡೆದವಳು ಅವಳೊಬ್ಬಳೇ. ಸೊಂಟದ ಮೂಳೆ ಮುರಿದಿತ್ತು.

ಆದರೆ ಕಲಿಸುವ ಭಾಗವೇ ಎಲ್ಲಕ್ಕಿಂತ ಕಠಿಣ. ಶಿಕ್ಷಕ ಪರೀಕ್ಷೆಯಲ್ಲಿ ತಾನು ಚೆನ್ನಾಗಿ ಜಾರಿದರೆ ಸಾಲದು, ಇನ್ನೊಬ್ಬನು ಏಕೆ ಬೀಳುತ್ತಿದ್ದಾನೆಂದು ಕಂಡುಹಿಡಿದು ಒಂದೇ ಮಾತಿನಲ್ಲಿ ತಿದ್ದಬೇಕು. ಮೊದಲ ಪಾಠ ಏನು ಗೊತ್ತೇ? ಬೀಳುವುದು. ಬದಿಗೆ ಬೀಳಬೇಕು, ಹಲಗೆಗಳನ್ನು ಇಳಿಜಾರಿಗೆ ಅಡ್ಡವಾಗಿ ತಂದುಕೊಳ್ಳಬೇಕು, ತಾನಾಗಿ ಏಳಬೇಕು. ಎರಡನೆಯದು ನಿಲ್ಲುವುದು. ಹಲಗೆಗಳ ಮುಂದಿನ ತುದಿಗಳನ್ನು ಹತ್ತಿರ ತಂದು, ಹಿಮ್ಮಡಿಗಳನ್ನು ಹೊರಕ್ಕೆ ತಳ್ಳಿ, ಒಳಅಂಚುಗಳಿಂದ ಹಿಮವನ್ನು ಕೆರೆಯುವುದು. ಇದಕ್ಕೆ ಸ್ನೋಪ್ಲೌ, ಅಂದರೆ ಹಿಮದ ನೇಗಿಲು ಎಂದು ಹೆಸರು. ಎಡಕ್ಕೆ ತಿರುಗಬೇಕಾದರೆ ಬಲಗಾಲಿನ ಮೇಲೆ ಭಾರ ಹಾಕಬೇಕು. ಇನ್ನೊಂದು ಸಂಗತಿ ನಮ್ಮನ್ನು ತಟ್ಟಿತು. ಇಳಿಜಾರು ಕಂಡು ಹೆದರಿದವನು ಸಹಜವಾಗಿ ಹಿಂದಕ್ಕೆ ವಾಲುತ್ತಾನೆ. ಹಿಂದಕ್ಕೆ ವಾಲಿದೊಡನೆ ಹಲಗೆಗಳು ಅವನ ಹಿಡಿತ ತಪ್ಪುತ್ತವೆ. ಇಳಿಜಾರಿನ ಕಡೆಗೇ ಮೈಯೊಡ್ಡಿ ನಿಂತವನ ಮಾತನ್ನು ಮಾತ್ರ ಅವು ಕೇಳುತ್ತವೆ.

ಕಲಿಸುವ ಅಭ್ಯಾಸ ಅವಳಿಗೆ ಎಲ್ಲಿ ದೊರೆಯಿತು? ನಮ್ಮ ಸಂಘದ ರವಿವಾರದ ಕನ್ನಡ ತರಗತಿಯಲ್ಲಿ! ಮರಾಠಿ, ಇಂಗ್ಲಿಷು ಬೆರೆಸಿ ಮಾತಾಡುವ ಏಳು-ಎಂಟು ವರ್ಷದ ಮಕ್ಕಳನ್ನು ಸಾಲಾಗಿ ಕೂರಿಸಿ ಅ-ಆ-ಇ-ಈ ತಿದ್ದಿಸುತ್ತಾಳೆ. "ಳ ಬರೀಲಿಕ್ಕೆ ಬಾರದ ಮಗೂನ್ನ ಬೈದರ ಅದು ಪೆನ್ಸಿಲ್ಲs ಮುಟ್ಟೂದಿಲ್ಲ. ಹಿಮದ ಮ್ಯಾಲೂ ಹಂಗs" ಎನ್ನುತ್ತಾಳೆ. ಮುಂಬಯಿಯ ಕನ್ನಡಿಗರಿಗೆ ಇದು ಹೊಸದಲ್ಲ. ಹಗಲು ಹೊಟೇಲಿನಲ್ಲಿ ಕಪ್ಪು-ಬಸಿ ತೊಳೆದ ಹುಡುಗರಿಗೆ ರಾತ್ರಿ ಶಾಲೆಗಳಲ್ಲಿ ಅಕ್ಷರ ಕಲಿಸಿದ ಪರಂಪರೆ ನಮ್ಮದು. ಆ ಶಿಕ್ಷಕರಿಗೆ ಯಾವ ಹಂತದ ಪ್ರಮಾಣಪತ್ರವಿತ್ತು?

ಇಲ್ಲಿ ನಮ್ಮದೇ ಒಂದು ತಪ್ಪೊಪ್ಪಿಗೆ. ನಾವು ಧಾರವಾಡದಲ್ಲಿ ಬಿ.ಎಸ್ಸಿ. ಓದುವಾಗ ಪುಸ್ತಕದಲ್ಲಿ ಹೀಗಿತ್ತು: ಒತ್ತಡ ಬಿದ್ದಾಗ ಮಂಜುಗಡ್ಡೆಯ ಕರಗುವ ಬಿಂದು ಇಳಿಯುತ್ತದೆ, ಆ ನೀರಿನ ಮೇಲೆ ಹಲಗೆ ಜಾರುತ್ತದೆ. ಬಾಯಿಪಾಠ ಮಾಡಿ ಬರೆದೆವು, ಪೂರ್ತಿ ಅಂಕ ಬಂತು. ಮೊನ್ನೆ ಮಗಳ ಮುಂದೆ ಅದನ್ನೇ ಗತ್ತಿನಿಂದ ಹೇಳಿದೆವು. "ಲೆಕ್ಕಾ ಮಾಡಿ ನೋಡ್ರಿ ಅಪ್ಪಾ" ಎಂದಳು. ಕಾಗದ ತೆಗೆದುಕೊಂಡು ಕೂತೆವು. ಅರವತ್ತು ಕಿಲೋ ಭಾರ ಎರಡು ಉದ್ದನೆಯ ಹಲಗೆಗಳ ಮೇಲೆ ಹಂಚಿಹೋದರೆ ಕರಗುವ ಬಿಂದು ಇಳಿಯುವುದು ಒಂದು ಡಿಗ್ರಿಯ ಸಾವಿರದ ಒಂದು ಪಾಲಿಗಿಂತಲೂ ಕಡಿಮೆ! ಅದರಿಂದ ಏನೂ ಆಗದು. ತಿಕ್ಕಾಟದ ಶಾಖವೇ ಮುಖ್ಯ ಕಾರಣವೆಂದು ಬೌಡನ್ ಮತ್ತು ಹ್ಯೂಸ್ ಎಂಬ ವಿಜ್ಞಾನಿಗಳು 1939ರಲ್ಲೇ ತೋರಿಸಿದ್ದರಂತೆ. ತಪ್ಪು ಉತ್ತರ ಬರೆದು ಅಂಕ ಗಳಿಸಿದ ತಂದೆ, ಬಿದ್ದು ಎದ್ದು ಸರಿಯುತ್ತರ ಕಲಿತ ಮಗಳು. ಈ ಇಬ್ಬರಲ್ಲಿ ಯಾರಿಗೆ ಪುರಸ್ಕಾರ ಸಲ್ಲಬೇಕು?

ಈ ಪ್ರಶ್ನೆಯನ್ನು ಸುಮ್ಮನೆ ಎತ್ತಿಲ್ಲ. ನಮ್ಮ ಸಂಘ ಪ್ರತಿವರ್ಷ ವಿದ್ಯಾರ್ಥಿಗಳಿಗೆ ಪುರಸ್ಕಾರ, ಸಹಾಯಧನ ಕೊಡುತ್ತದೆ. ಒಳ್ಳೆಯ ಕೆಲಸ. ಈ ಸಲ ಮಗಳು ಅರ್ಜಿ ತುಂಬಿದಳು. ಅರ್ಜಿಯಲ್ಲಿ ಹೆಸರು, ಮೂಲ ಊರು, ಪರೀಕ್ಷೆ, ಒಟ್ಟು ಅಂಕ, ಶೇಕಡಾ: ಇಷ್ಟೇ ಕಾಲಂ. ಅವಳು ಸ್ಕೀ ಶಿಕ್ಷಣದ ಪ್ರಮಾಣಪತ್ರ ಲಗತ್ತಿಸಿದಳು. ಹತ್ತು ದಿನಕ್ಕೆ ಅರ್ಜಿ ಮರಳಿ ಬಂತು. ಅಂಚಿನಲ್ಲಿ ಪೆನ್ಸಿಲಿನ ಷರಾ: "ಅಂಕಪಟ್ಟಿ ಲಗತ್ತಿಸಿಲ್ಲ." ನಾವು ಗುಮಾಸ್ತರು, ಅಂಥ ಷರಾಗಳನ್ನು ಬರೆದೇ ಇಷ್ಟು ದಿನ ಅನ್ನ ಉಂಡವರು. ಆದ್ದರಿಂದ ಕಾರ್ಯಕಾರಿ ಸಮಿತಿಯವರನ್ನು ದೂರುವ ಯೋಗ್ಯತೆ ನಮಗಿಲ್ಲ. ಆದರೆ ಆ ಪೆನ್ಸಿಲಿನ ಗೆರೆಯನ್ನು ಕಂಡಾಗ ಮಗಳ ಮುಖದಲ್ಲಿ ಕಂಡದ್ದನ್ನು ಮರೆಯಲಾರೆವು. ಹಣ ಬಾರದ್ದಕ್ಕೆ ಅವಳು ನೊಂದಿರಲಿಲ್ಲ. "ನಾನು ಅವರ ಲೆಕ್ಕದಾಗ ಇಲ್ಲೇನು?" ಎಂದು ಕೇಳಿದಳು.

ಆ ಮುಖವನ್ನು ನಾವು ಹಿಂದೊಮ್ಮೆ ಕನ್ನಡಿಯಲ್ಲಿ ಕಂಡಿದ್ದೆವು. ಕಾಲೇಜಿನ ಎರಡನೆಯ ವರ್ಷ ಎನ್‌ಸಿಸಿಯಿಂದ ಹಿಮಾಲಯದ ಪರ್ವತಾರೋಹಣ ತರಬೇತಿಗೆ ನಮ್ಮ ಹೆಸರು ಬಂದಿತ್ತು. ತಂದೆಯವರು ಒಪ್ಪಿಗೆಯ ಕಾಗದಕ್ಕೆ ಸಹಿ ಹಾಕಲಿಲ್ಲ. ಬಯ್ಯಲೂ ಇಲ್ಲ, "ನಮಗ್ಯಾಕ ಬೇಕಪ್ಪಾ ಅದು" ಎಂದು ಕಾಗದವನ್ನು ಪಂಚಾಂಗದ ಕೆಳಗೆ ಇಟ್ಟರು. ಹೋಗಿದ್ದರೆ ನಾವು ಮಹಾ ಸಾಹಸಿಗಳಾಗುತ್ತಿದ್ದೆವೆಂದು ಹೇಳುವುದಿಲ್ಲ. ಇದೇ ಗುಮಾಸ್ತರಾಗುತ್ತಿದ್ದೆವೇನೋ. ಆದರೆ ಒಮ್ಮೆ ಹಿಮ ಕಂಡ ಗುಮಾಸ್ತರಾಗುತ್ತಿದ್ದೆವು. ಮಗಳು ಮೊದಲ ಸಲ ಕಾಗದ ಮುಂದಿಟ್ಟಾಗ ನಮ್ಮ ಬಾಯಿಂದ ಬಂದದ್ದೂ ಅದೇ ಮಾತು: "ನಮಗ್ಯಾಕ ಬೇಕವಾ ಅದು." ಒಳಗಿನಿಂದ ಅವಳ ತಾಯಿ ಬಂದು, ಏನೂ ಮಾತಾಡದೆ, ನಮ್ಮ ಕಿಸೆಯ ಪೆನ್ನು ತೆಗೆದು ಕೈಗಿತ್ತಳು. ಸಹಿ ಹಾಕಿದೆವು.

ಹಾಗೆಂದು ಎಲ್ಲರೂ ಮಕ್ಕಳನ್ನು ಹಿಮಕ್ಕೆ ಅಟ್ಟಿರೆಂದು ನಮ್ಮ ವಾದವಲ್ಲ. ಈಗ ಇನ್ನೊಂದು ಹುಚ್ಚು ಶುರುವಾಗಿದೆ. ರಜೆಯಲ್ಲಿ ಐದು ದಿನದ ಸಾಹಸ ಶಿಬಿರ, ಕೊರಳಿಗೊಂದು ಪದಕ, ಗೋಡೆಗೊಂದು ಪ್ರಮಾಣಪತ್ರ, ವಾಟ್ಸಾಪಿನಲ್ಲಿ ನಾಲ್ಕು ಚಿತ್ರ. ಇದೂ ಅಂಕದ ರೋಗವೇ, ವೇಷ ಬೇರೆ. ಮಲಂಗಗಡವನ್ನೊಮ್ಮೆ ಹತ್ತದವನು ನೇರ ಹಿಮಾಲಯಕ್ಕೆ ಹೋಗುವುದು, ಬಸ್ಕಿ ಹೊಡೆಯದವನು ಹಲಗೆ ಕಟ್ಟುವುದು ಧೈರ್ಯವಲ್ಲ, ಉಡಾಫೆ. ಪ್ರಮಾಣಪತ್ರ ಕೆಲವು ದಿನಗಳ ಪರೀಕ್ಷೆಯಿಂದ ಬರುತ್ತದೆ. ತಯಾರಿ ಎರಡು ಮೂರು ವರ್ಷ ತಿನ್ನುತ್ತದೆ. ನಾವು ಹೊಗಳುತ್ತಿರುವುದು ತಯಾರಿಯನ್ನು.

ನಮ್ಮ ಹಿರಿಯರು ಈ ಊರಿಗೆ ಹೇಗೆ ಬಂದರು? ಗದಗು, ವಿಜಾಪುರ, ಉಡುಪಿ, ಕುಂದಾಪುರಗಳಿಂದ ಒಂದು ಟ್ರಂಕು, ಒಂದು ವಿಳಾಸದ ಚೀಟಿ ಹಿಡಿದು, ಭಾಷೆ ಗೊತ್ತಿಲ್ಲದ ಮಹಾನಗರಕ್ಕೆ ಇಳಿದರು. ಅಂದು ಅವರಿಗೂ ಯಾರೋ "ಮುಂಬಯಿಗೂ ನಮಗೂ ಏನು ಸಂಬಂಧ" ಎಂದು ಕೇಳಿರಲೇಬೇಕು. ಅವರು ಉತ್ತರ ಹೇಳುತ್ತ ಕೂಡಲಿಲ್ಲ, ಗಾಡಿ ಹತ್ತಿದರು. ಬಿದ್ದರು, ಎದ್ದರು, ಚಾಳಿನ ಖೋಲಿಯಿಂದ ಫ್ಲ್ಯಾಟಿಗೆ ಬಂದರು. ಅಂಥವರ ಮೊಮ್ಮಕ್ಕಳಿಗೆ ನಾವು ಕಲಿಸುತ್ತಿರುವುದು ಹಿಂದಕ್ಕೆ ವಾಲುವುದನ್ನು! ವಲಸೆ ಬಂದವರ ಮನೆಯಲ್ಲಿ ಅಂಜುಬುರುಕುತನ ಹುಟ್ಟಿದರೆ ಅದಕ್ಕಿಂತ ದೊಡ್ಡ ನಷ್ಟವಿಲ್ಲ.

ಕೊನೆಗೆ, ಟೀಕೆ ಮಾಡಿ ಕೈತೊಳೆದುಕೊಂಡರೆಂಬ ಮಾತು ಬಾರದಿರಲೆಂದು ಮೂರು ಸೂಚನೆಗಳನ್ನು ಸಂಘದ ಮುಂದಿಡುತ್ತೇವೆ. ಒಂದು: ಮುಂದಿನ ವರ್ಷದ ಅರ್ಜಿಯಲ್ಲಿ ಶೇಕಡಾವಾರು ಅಂಕದ ಕೆಳಗೆ "ಕಲಿತ ಇತರ ವಿದ್ಯೆ" ಎಂಬ ಒಂದು ಕಾಲಂ ಸೇರಿಸಲಿ. ಅಚ್ಚಿನ ಖರ್ಚು ಹೆಚ್ಚಾಗದು. ಬೇಕಾದರೆ ಅರ್ಜಿಯ ಕರಡನ್ನು ನಾವೇ ಬರೆದುಕೊಡುತ್ತೇವೆ, ಅದೊಂದು ನಮಗೆ ಬರುತ್ತದೆ. ಎರಡು: ವೇದಿಕೆಯ ಮೇಲೆ ಹೊದಿಸುವ ಶಾಲುಗಳಲ್ಲಿ ನಾಲ್ಕನ್ನು ಕಡಿಮೆ ಮಾಡಿ, ಬೆಟ್ಟಕ್ಕೋ ಹಿಮಕ್ಕೋ ಸಮುದ್ರಕ್ಕೋ ತರಬೇತಿಗೆ ಹೋಗುವ ಒಬ್ಬ ಹುಡುಗ ಅಥವಾ ಹುಡುಗಿಗೆ ಗಾಡಿಯ ಟಿಕೇಟಿನ ಹಣ ಕೊಡಲಿ. ಮೂರು: ತಿಂಗಳಿಗೊಂದು ರವಿವಾರ ಸದಸ್ಯರ ಮಕ್ಕಳು ಒಟ್ಟಾಗಿ ಹತ್ತಿರದ ಗುಡ್ಡ ಹತ್ತಲಿ, ಮುಂದಾಳಾಗಿ ಹೋಗಲು ಒಬ್ಬಳು ಸಿದ್ಧಳಿದ್ದಾಳೆ, ಪ್ರಥಮ ಚಿಕಿತ್ಸೆಯ ಪೆಟ್ಟಿಗೆಯೂ ಅವಳ ಬಳಿ ಇದೆ.

ಕಾಕಾ ಅವರಿಗೆ ಅಂದು ಕೊಡಲಾಗದ ಉತ್ತರವನ್ನು ಇಂದು ಕೊಡುತ್ತೇವೆ. ಹಿಮಕ್ಕೂ ನಮಗೂ ಸಂಬಂಧ ಇರಲಿಲ್ಲ, ಕಾಕಾ. ಮಗಳು ಎರಡು ಚಳಿಗಾಲ ಬಿದ್ದು ಎದ್ದು ಅದನ್ನು ಕಟ್ಟಿಕೊಂಡಿದ್ದಾಳೆ. ಮೊದಲ ಗುಡ್ಡಕ್ಕೆ ನೀವೂ ಬರ್ರಿ. ಮುಂಬ್ರಾ ದೇವಿಯ ಮೆಟ್ಟಿಲ ಬುಡದಲ್ಲಿ ಬೆಳಿಗ್ಗೆ ಆರಕ್ಕೆ ಕಾಯುತ್ತೇವೆ. ಉಪ್ಪಿಟ್ಟು ನಮ್ಮ ಡಬ್ಬಿಯಲ್ಲಿರುತ್ತದೆ.